ಓದುಗರು ಕೇಳಿದ್ದು: ಈ ಸಲ ಪೂರ್ತಿ ರಿಚರ್ಡ್ ಹ್ಯಾಮಿಂಗ್

ಹೋದ ಸಂಚಿಕೆಲಿ ಕಂಪ್ಯೂಟರ್ ಮೆಮೊರಿ ಬಗ್ಗೆ ಬರೀವಾಗ, ಡೇಟಾದಲ್ಲಾಗೋ ತಪ್ಪನ್ನ ಮೆಷಿನ್ ತಾನೇ ತಿದ್ಕೊಳ್ಳೋ ಕೋಡ್ ಕಂಡುಹಿಡಿದ ಹ್ಯಾಮಿಂಗ್ ಅನ್ನೋರ ಹೆಸರು ಒಂದೇ ಒಂದು ಸಾಲಲ್ಲಿ ಬಂದು ಹೋಗಿತ್ತು ಅಷ್ಟೇ, ಆದ್ರೆ ಬಂದಿರೋ ಪ್ರಶ್ನೆಗಳಲ್ಲಿ ಹೆಚ್ಚಿನವು ಅದರ ಮೇಲೇ ಇವೆ. ಹಾಗಾಗಿ ಬೇರೆ ಪ್ರಶ್ನೆಗಳನ್ನ ಮುಂದಿನ ಸಲಕ್ಕೆ ಇಟ್ಕೊಂಡಿದೀನಿ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಸರ್, ನಾನು ಬಿ.ಇ. ಸ್ಟೂಡೆಂಟ್. ಹ್ಯಾಮಿಂಗ್ ಕೋಡ್ ಪ್ರಾಬ್ಲಮ್ ಮಾಡಕ್ಕೆ ಬರತ್ತೆ, ಆದ್ರೆ ಹ್ಯಾಮಿಂಗ್ ಯಾರು ಅಂತ ಯಾರೂ ಹೇಳಿಲ್ಲ. ಅವರು ಗಣಿತದವರಾ, ಕಂಪ್ಯೂಟರ್‌ನವರಾ?

ಎರಡೂ ಹೌದು, ಆದ್ರೆ ಶುರುವಾಗಿದ್ದು ಗಣಿತದಿಂದ, ಅದೂ ಬೇಕು ಅಂತ ಅಲ್ಲ. ಹುಟ್ಟಿದ್ದು 1915ರ ಫೆಬ್ರವರಿ 11, ಅಮೆರಿಕದ ಶಿಕಾಗೋದಲ್ಲಿ. ಹುಡುಗನಿಗೆ ಇಂಜಿನಿಯರ್ ಆಗ್ಬೇಕು ಅಂತ ಆಸೆ ಇತ್ತು, ಆದ್ರೆ ಅದು ಮಹಾ ಆರ್ಥಿಕ ಕುಸಿತದ ಕಾಲ, ಸ್ಕಾಲರ್‌ಶಿಪ್ ಸಿಕ್ಕಿದ್ದು ಶಿಕಾಗೋ ಯೂನಿವರ್ಸಿಟಿಲಿ ಮಾತ್ರ, ಅಲ್ಲಿ ಇಂಜಿನಿಯರಿಂಗೇ ಇರ್ಲಿಲ್ಲ, ಸರಿ ಅಂತ ಗಣಿತ ತಗೊಂಡ್ರು. ಒಳ್ಳೇದೇ ಆಯ್ತು, ಇಂಜಿನಿಯರ್ ಆಗಿದ್ರೆ ಮ್ಯಾನ್‌ಹೋಲ್‌ಗೆ ಇಳಿಯೋ ಕೆಲಸ ಸಿಗ್ತಿತ್ತು, ಸಂಶೋಧನೆ ಮಜಾ ಎಲ್ಲಿ ಸಿಗ್ತಿತ್ತು ಅಂತ ಆಮೇಲೆ ಅವರೇ ಹೇಳ್ಕೊಂಡಿದಾರೆ. 1937ರಲ್ಲಿ ಡಿಗ್ರಿ, 1939ರಲ್ಲಿ ನೆಬ್ರಾಸ್ಕಾದಲ್ಲಿ ಎಂ.ಎ., 1942ರಲ್ಲಿ ಇಲಿನಾಯ್ಸಲ್ಲಿ ಪಿಎಚ್‌ಡಿ, ಅದೇ ವರ್ಷ ವಾಂಡಾ ಅವರ ಜೊತೆ ಮದುವೆ. ಸ್ವಲ್ಪ ಕಾಲ ಮೇಷ್ಟ್ರಾಗಿದ್ದು 1945ರಲ್ಲಿ ಲಾಸ್ ಅಲಮೋಸ್‌ಗೆ ಹೋದ್ರು, ಅಂದ್ರೆ ಅಣುಬಾಂಬ್ ಪ್ರಾಜೆಕ್ಟ್ ನಡೀತಿದ್ದ ಜಾಗಕ್ಕೆ. 1946ರಿಂದ 1976ರವರೆಗೆ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್, ಅಂದ್ರೆ ಟೆಲಿಫೋನ್ ಕಂಪನಿಯ ಸಂಶೋಧನಾಲಯ, ಆಮೇಲೆ ಕ್ಯಾಲಿಫೋರ್ನಿಯಾದ ಮಾಂಟೆರೇಲಿ ನೇವಿಯವರ ಸ್ನಾತಕೋತ್ತರ ಕಾಲೇಜಲ್ಲಿ ಪಾಠ. 1968ರಲ್ಲಿ ಕಂಪ್ಯೂಟರ್ ಕ್ಷೇತ್ರದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ, ಆ ಪ್ರಶಸ್ತಿ ಪಡೆದ ಮೂರನೇ ವ್ಯಕ್ತಿ.

ಪ್ರಶ್ನೆ: ಲಾಸ್ ಅಲಮೋಸಲ್ಲಿ ಗಣಿತದವರಿಗೆ ಏನು ಕೆಲಸ ಇತ್ತು?

ಫಿಸಿಕ್ಸ್‌ನವರು ಸಮೀಕರಣ ಕೊಡೋದು, ಇವರು ಐಬಿಎಂ ಲೆಕ್ಕದ ಮೆಷಿನ್‌ಗಳನ್ನ ಓಡಿಸಿ ಉತ್ತರ ತೆಗೆದುಕೊಡೋದು. ತಮ್ಮನ್ನ ತಾವೇ ಅಲ್ಲಿನ ಕಂಪ್ಯೂಟರ್ ಜಾಡಮಾಲಿ ಅಂತ ಕರ್ಕೊಳ್ತಿದ್ರು. ಆದ್ರೆ ಅಲ್ಲಿ ನಡೆದ ಒಂದು ಪ್ರಸಂಗ ಅವರೇ ಬರೆದಿದ್ದು, ಇಲ್ಲಿ ಹೇಳಲೇಬೇಕು. ಮೊದಲ ಬಾಂಬ್ ಪರೀಕ್ಷೆಗೆ ಸ್ವಲ್ಪ ಮುಂಚೆ ಒಬ್ಬರು ಬಂದು ಈ ಲೆಕ್ಕ ಒಂದ್ಸಲ ಚೆಕ್ ಮಾಡಿಕೊಡಿ ಅಂದ್ರು. ಹ್ಯಾಮಿಂಗ್ ಕೈಕೆಳಗಿನವರಿಗೆ ದಾಟಿಸೋಣ ಅಂತ ಏನಿದು ಲೆಕ್ಕ ಅಂತ ಕೇಳಿದ್ರೆ, ಬಾಂಬ್ ಸಿಡಿದಾಗ ಭೂಮಿಯ ಇಡೀ ವಾತಾವರಣಕ್ಕೇ ಬೆಂಕಿ ಹತ್ತೋ ಸಂಭವ ಎಷ್ಟು ಅನ್ನೋ ಲೆಕ್ಕ! ಸರಿ, ತಾವೇ ಕೂತು ಮಾಡಿದ್ರು. ಮಾರನೇ ದಿನ, ಕೂಡಿ ಕಳೆದಿದ್ದೇನೋ ಸರಿ ಇದೆ ಆದ್ರೆ ಆಕ್ಸಿಜನ್ ನೈಟ್ರೋಜನ್‌ಗೆ ಹಾಕಿರೋ ಸೂತ್ರಗಳು ಸರಿ ಇದಾವೋ ಇಲ್ವೋ ನಂಗೊತ್ತಿಲ್ಲ, ಆ ಮಟ್ಟದ ಶಕ್ತಿಲಿ ಪ್ರಯೋಗ ಯಾರೂ ಮಾಡಿಲ್ವಲ್ಲ ಅಂದ್ರು. ಬಂದಿದ್ದವರು, ನಾನು ನಿಮ್ಮನ್ನ ಕೇಳಿದ್ದು ಲೆಕ್ಕ, ಫಿಸಿಕ್ಸ್ ಅಲ್ಲ ಅಂತ ಹೇಳಿ ಎದ್ದುಹೋದ್ರು. ಹ್ಯಾಮಿಂಗ್ ಕಾರಿಡಾರಲ್ಲಿ ಅತ್ತಿಂದಿತ್ತ ತಿರುಗ್ತಾ ಒದ್ದಾಡ್ತಿರೋವಾಗ ಸ್ನೇಹಿತ ಏನಾಯ್ತು ಅಂತ ಕೇಳಿ, ಎಲ್ಲಾ ಕೇಳಿಸ್ಕೊಂಡು, ಬಿಡು ಮಾರಾಯ, ಏನಾದ್ರೂ ನಿನ್ನನ್ನ ಬೈಯಕ್ಕೆ ಯಾರೂ ಉಳಿದಿರಲ್ಲ ಅನ್ನೋ ಅರ್ಥದಲ್ಲಿ ಸಮಾಧಾನ ಹೇಳಿದ್ರಂತೆ.

ಇನ್ನೊಂದು ತಮಾಷೆ. ಅಲ್ಲಿಂದ ನ್ಯೂಜೆರ್ಸಿಗೆ ಹೋಗಕ್ಕೆ ಇವರು ಕೊಂಡ ಹಳೇ ಕಾರು ಕ್ಲಾಸ್ ಫುಕ್ಸ್ ಅವರದ್ದು, ಅದೇ ಆಮೇಲೆ ಸೋವಿಯತ್ ಗೂಢಚಾರ ಅಂತ ಸಿಕ್ಕಿಬಿದ್ದವರು. ಫುಕ್ಸ್ ಸಿಕ್ಕಿಬೀಳೋ ಕೆಲವೇ ವಾರ ಮುಂಚೆ ಇವರು ಆ ಕಾರು ಮಾರಿಬಿಟ್ಟಿದ್ರು, ಎಫ್‌ಬಿಐನವರಿಗೆ ಡೌಟ್ ಬಂದು ವಿಚಾರಣೆ ಮಾಡಿದ್ರು.

ಪ್ರಶ್ನೆ: ಹ್ಯಾಮಿಂಗ್ ಕೋಡ್ ಹೊಳೆದಿದ್ದು ಹೇಗೆ? ಏನೋ ಸಿಟ್ಟಿನ ಕಥೆ ಇದೆ ಅಂತ ಕೇಳಿದೀನಿ.

ಇದೆ, ಸಿಟ್ಟಿನ ಕಥೆನೇ. ಬೆಲ್ ಲ್ಯಾಬ್ಸಲ್ಲಿ ಆಗ ಇದ್ದಿದ್ದು ರಿಲೇ ಕಂಪ್ಯೂಟರ್, ಅಂದ್ರೆ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಟಕ್ ಟಕ್ ಅಂತಿದ್ವಲ್ಲ ಆ ಥರದ ಸ್ವಿಚ್‌ಗಳನ್ನ ಸಾವಿರಗಟ್ಟಲೆ ಜೋಡಿಸಿ ಕಟ್ಟಿದ್ದು. ಒಂದೊಂದು ಅಂಕಿಗೂ ಇಷ್ಟೇ ರಿಲೇ ಆನ್ ಇರ್ಬೇಕು ಅಂತ ನಿಯಮ ಇತ್ತು, ಒಂದು ಹೆಚ್ಚಾದ್ರೂ ಕಮ್ಮಿಯಾದ್ರೂ ಮೆಷಿನ್‌ಗೆ ತಪ್ಪಾಗಿದೆ ಅಂತ ಗೊತ್ತಾಗ್ತಿತ್ತು. ವಾರದ ದಿನಗಳಲ್ಲಿ ಲೈಟ್ ಉರಿದು ಆಪರೇಟರ್ ಬಂದು ಸರಿ ಮಾಡೋರು. ಹ್ಯಾಮಿಂಗ್‌ಗೆ ಸಿಗ್ತಿದ್ದಿದ್ದು ಶನಿವಾರ ಭಾನುವಾರ, ಆಗ ಆಪರೇಟರ್ ಇರ್ತಿರ್ಲಿಲ್ಲ, ತಪ್ಪು ಬಂದ್ರೆ ಮೆಷಿನ್ ಆ ಕೆಲಸಾನೇ ಕೈಬಿಟ್ಟು ಮುಂದಿನವರ ಕೆಲಸಕ್ಕೆ ಹೋಗಿಬಿಡ್ತಿತ್ತು. 1947ರ ಸುಮಾರು ಬೆನ್ನುಬೆನ್ನಿಗೆ ಎರಡು ವಾರ ಸೋಮವಾರ ಬಂದು ನೋಡಿದ್ರೆ ಒಂದು ಉತ್ತರಾನೂ ಇಲ್ಲ. ತಪ್ಪಾಗಿದೆ ಅಂತ ಕಂಡುಹಿಡಿಯಕ್ಕೆ ಬರೋ ಈ ಹಾಳಾದ್ ಮೆಷಿನ್‌ಗೆ ತಪ್ಪು ಎಲ್ಲಿದೆ ಅಂತ ಹುಡುಕಿ ತಾನೇ ತಿದ್ಕೊಳಕ್ಕೆ ಏನು ರೋಗ ಅಂತ ಅವರಿಗೆ ಅನ್ನಿಸಿದ್ದು ಆಗಲೇ.

ನನಗೆ ಈ ಕಥೇಲಿ ಇಷ್ಟವಾಗೋದು ಸಿಟ್ಟಲ್ಲ. ಆ ಮೆಷಿನ್ ಮೇಲೆ ಬೇರೆಯವರ ಕೆಲಸಾನೂ ಹಾಗೇ ಬಿದ್ದುಹೋಗಿರತ್ತೆ, ಅವರೂ ಬೈಕೊಂಡಿರ್ತಾರೆ, ಆದ್ರೆ ಇವರು ಬೈದು ಮುಗಿಸಿದ ಮೇಲೆ ಆ ಬೈಗುಳಾನೇ ಗಣಿತದ ಪ್ರಶ್ನೆ ಮಾಡ್ಕೊಂಡು ಕೂತ್ರು.

ಪ್ರಶ್ನೆ: ಸರ್, ತಪ್ಪು ಬಿಟ್ ಯಾವುದು ಅಂತ ಮೆಷಿನ್‌ಗೆ ಹೇಗೆ ಗೊತ್ತಾಗತ್ತೆ? ಗಣಿತ ಕಮ್ಮಿ ಇಟ್ಟು ಹೇಳಿ, ನಾನು ಕಾಮರ್ಸ್.

ಪೆನ್ನು ಪೇಪರ್ ತಗೊಳ್ಳಿ, ಸಮ ಬೆಸ ಗೊತ್ತಿದ್ರೆ ಸಾಕು. ಬಿಟ್ ಅಂದ್ರೆ 0 ಅಥವಾ 1, ಅಷ್ಟೇ. ಕಳಿಸಬೇಕಾಗಿರೋದು ನಾಲ್ಕು ಬಿಟ್, 1011 ಅಂತ ಇಟ್ಕೊಳ್ಳಿ. ಏಳು ಮನೆ ಬರ್ಕೊಳ್ಳಿ, 1ರಿಂದ 7. ನಮ್ಮ ನಾಲ್ಕು ಬಿಟ್‌ಗಳು 3, 5, 6, 7ನೇ ಮನೆಗೆ ಕ್ರಮವಾಗಿ ಹೋಗ್ತವೆ. ಖಾಲಿ ಉಳಿದಿದ್ದು 1, 2, 4, ಇವು ಕಾವಲುಗಾರರು, ಇವರಿಗೆ ಪ್ಯಾರಿಟಿ ಬಿಟ್ ಅಂತಾರೆ. 1ನೇ ಮನೆಯವನು 1, 3, 5, 7 ನೋಡ್ಕೊಳ್ತಾನೆ. 2ನೆಯವನು 2, 3, 6, 7. 4ನೆಯವನು 4, 5, 6, 7. ಒಬ್ಬೊಬ್ಬರ ಗುಂಪಲ್ಲೂ 1ಗಳ ಸಂಖ್ಯೆ ಸಮ ಆಗೋ ಹಾಗೆ ಅವರವರು ತಮ್ಮ ಮನೇಲಿ 0 ಅಥವಾ 1 ಇಟ್ಕೋಬೇಕು. ಲೆಕ್ಕ ಹಾಕಿದ್ರೆ ಕ್ರಮವಾಗಿ 0, 1, 0 ಬರತ್ತೆ, ಒಟ್ಟು ಕಳಿಸೋದು 0110011.

ಈಗ ದಾರೀಲಿ 6ನೇ ಮನೆ ಕೆಟ್ಟು 1 ಇದ್ದಿದ್ದು 0 ಆಯ್ತು, ತಲುಪಿದ್ದು 0110001. ಆ ಕಡೆ ಇರೋ ಮೆಷಿನ್‌ಗೆ ಇದು ಗೊತ್ತಿಲ್ಲ, ಅದು ಮೂರು ಗುಂಪೂ ಎಣಿಸತ್ತೆ. 1ನೆಯವನ ಗುಂಪಲ್ಲಿ ಎರಡು 1, ಸಮ, ಸರಿ ಇದೆ. 2ನೆಯವನ ಗುಂಪಲ್ಲಿ ಮೂರು 1, ಬೆಸ, ದೂರು. 4ನೆಯವನ ಗುಂಪಲ್ಲಿ ಒಂದೇ 1, ಬೆಸ, ದೂರು. ದೂರು ಕೊಟ್ಟವರ ಮನೆ ನಂಬರ್ ಕೂಡಿ, 2 ಮತ್ತು 4, ಆರು! 6ನೇ ಮನೆ ತಿರುಗಿಸಿ, ಮುಗೀತು. ಕಾವಲುಗಾರನೇ ಕೆಟ್ರೆ ಅಂತೀರಾ, ಆಗ ಅವನೊಬ್ಬನ ಗುಂಪೇ ಬೆಸ ಬರತ್ತೆ, ಅವನ ನಂಬರೇ ಉತ್ತರ. ಯಾವ ದೂರೂ ಇಲ್ದಿದ್ರೆ ಸೊನ್ನೆ, ಅಂದ್ರೆ ಎಲ್ಲಾ ಸರಿ. ಬೇರೆ ಮನೆಗಳಲ್ಲೂ ಕೆಡಿಸಿ ನೋಡಿ, ಪ್ರತಿ ಸಲಾನೂ ಸರಿಯಾದ ನಂಬರೇ ಬರತ್ತೆ, ಯಾಕಂದ್ರೆ 1ರಿಂದ 7ರವರೆಗಿನ ಯಾವ ಸಂಖ್ಯೆನ್ನಾದ್ರೂ 1, 2, 4 ಕೂಡಿ ಒಂದೇ ಒಂದು ರೀತೀಲಿ ಮಾಡಬಹುದು.

ಎರಡು ಬಿಟ್ ಒಟ್ಟಿಗೆ ಕೆಟ್ರೆ ಮಾತ್ರ ಇದು ಮೋಸ ಹೋಗಿ ಸರಿ ಇರೋ ಬಿಟ್ಟನ್ನೇ ಕೆಡಿಸತ್ತೆ. ಎಲ್ಲದರ ಮೇಲೂ ಎಂಟನೇ ಮನೇಲಿ ಇನ್ನೊಬ್ಬ ಕಾವಲುಗಾರನನ್ನ ಕೂರಿಸಿದ್ರೆ ಎರಡು ಕೆಟ್ಟಿದೆ ಅಂತ ಹೇಳಕ್ಕೆ ಬರತ್ತೆ, ತಿದ್ದಕ್ಕೆ ಬರಲ್ಲ.

ಪ್ರಶ್ನೆ: ನಾಲ್ಕು ಬಿಟ್‌ಗೆ ಮೂರು ಬಿಟ್ ಕಾವಲು ಅಂದ್ರೆ ದಂಡ ಅಲ್ವಾ? ಇವತ್ತು ಇದನ್ನ ಯಾರು ಬಳಸ್ತಾರೆ?

ನಾಲ್ಕಕ್ಕೆ ಮೂರು ದಂಡಾನೇ. ಆದ್ರೆ ಡೇಟಾ ದೊಡ್ಡದಾದ ಹಾಗೆ ಕಾವಲಿನ ಖರ್ಚು ಅದೇ ಲೆಕ್ಕದಲ್ಲಿ ಏರಲ್ಲ, 64 ಬಿಟ್‌ಗೆ ಏಳು ಸಾಕು, ಮೇಲೆ ಹೇಳಿದ ಎರಡು ತಪ್ಪು ಹಿಡಿಯೋ ಎಕ್ಸ್‌ಟ್ರಾ ಸೇರಿಸಿದ್ರೆ ಎಂಟು, ಒಟ್ಟು 72. ಸರ್ವರ್‌ಗಳಲ್ಲಿ ಹಾಕೋ, ತಪ್ಪು ತಾನೇ ತಿದ್ಕೊಳ್ಳೋ ಇಸಿಸಿ ಮೆಮೊರಿ ಎಷ್ಟೋ ವರ್ಷಗಳಿಂದ ಈ 64ಕ್ಕೆ 72ರ ಹಾದಿಲೇ ನಡೆದಿರೋದು. ಕ್ಯೂಆರ್ ಕೋಡ್ ಮೇಲೆ ಸ್ವಲ್ಪ ಗೀಚಿದ್ರೂ ಸ್ಕ್ಯಾನ್ ಆಗತ್ತಲ್ಲ, ಅದು ಬೇರೆ ವಿಧಾನ, 1960ರಲ್ಲಿ ಬಂದ ರೀಡ್–ಸಾಲಮನ್ ಕೋಡ್. ಎರಡು ಸಂದೇಶ ಎಷ್ಟು ಜಾಗದಲ್ಲಿ ಬೇರೆಯಾಗಿವೆ ಅಂತ ಎಣಿಸೋದಕ್ಕೆ ಹ್ಯಾಮಿಂಗ್ ಡಿಸ್ಟೆನ್ಸ್ ಅಂತ ಹೆಸರು, ಯಾವ ಕೋಡ್ ಎಷ್ಟು ತಪ್ಪು ತಾಳತ್ತೆ ಅಂತ ಅಳೆಯಕ್ಕೆ ಎಲ್ಲರೂ ಹಿಡ್ಕೊಳ್ಳೋದು ಅದನ್ನೇ.

ಪ್ರಶ್ನೆ: ಇದನ್ನ ಮೊದಲು ಕಂಡುಹಿಡಿದಿದ್ದು ಗೋಲೇ ಅಂತ ಒಬ್ಬರು ವಾದ ಮಾಡಿದ್ರು. ನಿಜಾನಾ?

ವಾದಕ್ಕೆ ಕಾರಣ ಪೇಟೆಂಟ್. ಹ್ಯಾಮಿಂಗ್ ಕೆಲಸ ಮುಗಿಸಿದ್ರೂ ಪೇಟೆಂಟ್ ಅರ್ಜಿ ಹಾಕೋವರೆಗೂ ಪ್ರಿಂಟ್ ಮಾಡಬೇಡಿ ಅಂತ ಕಂಪನಿ ತಡೆ ಹಿಡೀತು, ಪೇಪರ್ ಹೊರಗೆ ಬಂದಿದ್ದು 1950ರಲ್ಲಿ. ಅಷ್ಟರಲ್ಲಿ 1949ರಲ್ಲೇ ಮಾರ್ಸೆಲ್ ಗೋಲೇ ತೀರಾ ಪುಟ್ಟ ಲೇಖನ ಒಂದರಲ್ಲಿ ಇದನ್ನ ಇನ್ನೂ ವಿಸ್ತಾರ ಮಾಡಿ, ಒಂದಕ್ಕಿಂತ ಹೆಚ್ಚು ತಪ್ಪು ತಿದ್ದೋ ಕೋಡ್‌ಗಳನ್ನೂ ಕೊಟ್ಟುಬಿಟ್ಟಿದ್ರು. ಆದ್ರೆ ಮಾಹಿತಿ ಸಿದ್ಧಾಂತ ಹುಟ್ಟುಹಾಕಿದ ಕ್ಲಾಡ್ ಶಾನನ್ ಅವರ 1948ರ ಪ್ರಸಿದ್ಧ ಪೇಪರಲ್ಲಿ ಏಳು ಬಿಟ್‌ನ ಈ ಉದಾಹರಣೆ ಹ್ಯಾಮಿಂಗ್ ಹೆಸರು ಹೇಳಿಯೇ ಇದೆ, ಗೋಲೇ ಶುರು ಮಾಡಿದ್ದು ಅಲ್ಲಿಂದಲೇ. ಹಾಗಾಗಿ ಏಳು ಬಿಟ್‌ನದ್ದು ಹ್ಯಾಮಿಂಗ್ ಅವರದ್ದು, ಅದನ್ನ ಬೆಳೆಸಿದ್ದರಲ್ಲಿ ಗೋಲೇಗೆ ದೊಡ್ಡ ಪಾಲಿದೆ, ಗೋಲೇ ಹೆಸರಿನ ಕೋಡ್ ಬೇರೆನೇ ಇದೆ, ಅದೂ ಸಣ್ಣದಲ್ಲ. ಅಂದಹಾಗೆ ಶಾನನ್ ಮತ್ತೆ ಹ್ಯಾಮಿಂಗ್ ಸ್ವಲ್ಪ ಕಾಲ ಒಂದೇ ರೂಮಲ್ಲಿ ಕೂರ್ತಿದ್ರು.

ಪ್ರಶ್ನೆ: ಹ್ಯಾಮಿಂಗ್ ಅವರ ಭಾಷಣ ಓದಿದೆ, ರಿಸರ್ಚ್ ಮಾಡೋವ್ರೆಲ್ಲಾ ಓದಲೇಬೇಕು ಅಂತಾರೆ. ಓದಿ ಸ್ಫೂರ್ತಿಗಿಂತ ಭಯ ಜಾಸ್ತಿ ಆಯ್ತು. ನೀವೇನಂತೀರಿ?

ನೀವು ಹೇಳ್ತಿರೋದು 1986ರ ಮಾರ್ಚ್‌ನಲ್ಲಿ ಬೆಲ್‌ಕೋರ್ ಅನ್ನೋ ಟೆಲಿಫೋನ್ ಸಂಶೋಧನಾ ಸಂಸ್ಥೆಲಿ ಕೊಟ್ಟಿದ್ದು. ಓದದೇ ಇರೋವ್ರಿಗೆ ಸ್ವಲ್ಪ ಹೇಳಿಬಿಡ್ತೀನಿ. ಬೆಲ್ ಲ್ಯಾಬ್ಸಲ್ಲಿ ಊಟದ ಹೊತ್ತಿಗೆ ಹ್ಯಾಮಿಂಗ್ ಕೆಮಿಸ್ಟ್ರಿಯವರ ಟೇಬಲ್‌ಗೆ ಹೋಗಿ ಕೂರೋರು. ಮೊದಲು ನಿಮ್ಮ ಫೀಲ್ಡಲ್ಲಿ ಮುಖ್ಯವಾದ ಪ್ರಶ್ನೆಗಳು ಯಾವುವು ಅಂತ ಕೇಳಿದ್ರು. ಸ್ವಲ್ಪ ದಿನ ಬಿಟ್ಟು, ನೀವು ಕೆಲಸ ಮಾಡ್ತಿರೋ ಮುಖ್ಯವಾದ ಪ್ರಶ್ನೆ ಯಾವುದು ಅಂತ ಕೇಳಿದ್ರು. ಆಮೇಲೊಂದಿನ, ಮಾಡ್ತಿರೋದು ಮುಖ್ಯ ಅಲ್ಲ, ಮುಖ್ಯ ಆಗೋದೂ ಇಲ್ಲ ಅಂದ್ರೆ ಮತ್ತೆ ಯಾಕ್ರೀ ಮಾಡ್ತಿದೀರ ಅಂದ್ರು. ಅಲ್ಲಿಗೆ ಆ ಟೇಬಲಲ್ಲಿ ಅವರಿಗೆ ಜಾಗ ಇಲ್ದಂಗಾಯ್ತು, ಬೇರೆ ಟೇಬಲ್ ಹುಡ್ಕೊಂಡ್ರು. ಆದ್ರೆ ಆ ಗುಂಪಲ್ಲಿದ್ದ ಒಬ್ಬರು ಆಮೇಲೆ ಸಿಕ್ಕಿ, ನಿಮ್ಮ ಮಾತು ತಲೇಲಿ ಕೂತುಬಿಟ್ಟಿದೆ, ರಿಸರ್ಚ್ ಬದಲಾಯಿಸಿಲ್ಲ ಆದ್ರೆ ಯೋಚನೆ ಮಾಡಿದ್ದು ಒಳ್ಳೇದಾಯ್ತು ಅಂದ್ರಂತೆ, ಅವರು ಮುಂದೆ ಡಿಪಾರ್ಟ್‌ಮೆಂಟ್ ಹೆಡ್ ಆದ್ರು.

ಇನ್ನೊಂದು ಪ್ರಸಂಗದಲ್ಲಿ ಪೆಟ್ಟು ತಿಂದಿದ್ದು ಹ್ಯಾಮಿಂಗೇ. ಜೊತೇಲಿದ್ದ ಜಾನ್ ಟ್ಯೂಕಿ ಇವರಿಗಿಂತ ಸ್ವಲ್ಪ ಚಿಕ್ಕವರು, ಆದ್ರೆ ಜ್ಞಾನ ಭಂಡಾರ. ಈ ವಯಸ್ಸಿಗೆ ಅವರಿಗೆ ಅಷ್ಟೆಲ್ಲಾ ಹೇಗೆ ಗೊತ್ತಿರಕ್ಕೆ ಸಾಧ್ಯ ಅಂತ ಬಾಸ್ ಬೋಡೆ ಹತ್ರ ಹೋಗಿ ಕೇಳಿದ್ರೆ, ಅವರು ಕುರ್ಚಿಲಿ ಹಿಂದಕ್ಕೆ ಒರಗಿ ನಕ್ಕು, ಅವನಷ್ಟು ವರ್ಷ ಅವನಷ್ಟು ಕಷ್ಟಪಟ್ಟಿದ್ರೆ ನಿನಗೂ ಎಷ್ಟು ಗೊತ್ತಿರ್ತಿತ್ತು ಅಂತ ನಿನಗೇ ಆಶ್ಚರ್ಯ ಆಗ್ತಿತ್ತು ಅಂದ್ರು. ಇವರು ಬಾಯಿ ಮುಚ್ಕೊಂಡು ಆಚೆ ಬಂದ್ರು.

ಈಗ ನಿಮ್ಮ ಭಯಕ್ಕೆ ಬರೋಣ. ಆ ಭಾಷಣದಲ್ಲಿ ನಾನು ಒಪ್ಪೋದು ಪ್ರಶ್ನೆ ಕೇಳ್ಕೊಳ್ಳೋ ಅಭ್ಯಾಸ, ಶುಕ್ರವಾರ ಊಟದ ಮೇಲೆ ದೊಡ್ಡ ವಿಷಯ ಬಿಟ್ಟು ಬೇರೆ ಮಾತಾಡಲ್ಲ ಅಂತ ಅವರು ಟೈಮ್ ಇಟ್ಕೊಂಡಿದ್ರಲ್ಲ, ಅದು. ಒಪ್ಪದೇ ಇರೋದು, ಎಲ್ಲರೂ ಅವರ ಥರ ಬದುಕಬಹುದು ಅನ್ನೋ ಧಾಟಿ. ಕೈತುಂಬ ಸಂಬಳ, ಪಕ್ಕದಲ್ಲಿ ಶಾನನ್, ಇಷ್ಟ ಬಂದ ವಿಷಯ ಹಿಡಿಯೋ ಸ್ವಾತಂತ್ರ್ಯ, ಇದೆಲ್ಲಾ ಇದ್ದ ಜಾಗ ಬೆಲ್ ಲ್ಯಾಬ್ಸ್. ಗೈಡ್ ಕೊಟ್ಟ ಟಾಪಿಕ್ ಮೇಲೆ ಫೆಲೋಶಿಪ್ ಮುಗಿಯೋದ್ರೊಳಗೆ ಥೀಸಿಸ್ ಸಬ್ಮಿಟ್ ಮಾಡಬೇಕಾದವರು ನೀನ್ಯಾಕೆ ಮುಖ್ಯವಾದ್ದು ಮಾಡ್ತಿಲ್ಲ ಅಂತ ತಮ್ಮನ್ನ ತಾವೇ ಬೈಕೊಂಡ್ರೆ ನಿದ್ದೆ ಕೆಡತ್ತೆ ಅಷ್ಟೇ. ಓದಕ್ಕೆ ಟೈಮ್ ಬೇಕು ಅಂತ ಹೆಂಡತೀನ ಆಗಾಗ ಕಡೆಗಣಿಸಿದೀನಿ ಅಂತ ಅವರೇ ಅಲ್ಲಿ ಒಪ್ಕೊಂಡಿದಾರೆ, ಆ ಸಾಲನ್ನ ಮಾತ್ರ ಯಾರೂ ಫಾರ್ವರ್ಡ್ ಮಾಡಲ್ಲ.

ಪ್ರಶ್ನೆ: ಅಷ್ಟು ಒಳ್ಳೇ ಜಾಗ ಬಿಟ್ಟು ಪಾಠ ಮಾಡಕ್ಕೆ ಯಾಕೆ ಹೋದ್ರು?

ವಯಸ್ಸಾದ ಸಂಶೋಧಕರು ಹೊಸಬರಿಗೆ ಜಾಗ ಬಿಡ್ಬೇಕು ಅನ್ನೋದು ಅವರ ನಂಬಿಕೆ, ಬರೀ ಬಾಯಲ್ಲಿ ಹೇಳ್ದೆ 1976ರಲ್ಲಿ ಎದ್ದು ಹೊರಟೇ ಬಿಟ್ರು. ಅಲ್ಲಿಗೆ ತಮ್ಮ ಸಂಶೋಧನೆ ಮುಗೀತು ಅಂತ ಅವರಿಗೆ ಗೊತ್ತಿತ್ತು. ಮಾಂಟೆರೇಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಪಾಠ ಮಾಡಿದ್ರು, ಕೊನೇ ಪಾಠ 1997ರ ಡಿಸೆಂಬರಲ್ಲಿ, ತೀರಿಕೊಂಡಿದ್ದು 1998ರ ಜನವರಿ 7.

ಪ್ರಶ್ನೆ: ಹ್ಯಾಮಿಂಗ್ ವಿಂಡೋ, ಹ್ಯಾನಿಂಗ್ ವಿಂಡೋ ಎರಡೂ ಇವರದ್ದೇನಾ? ಪ್ರತಿ ಸಲ ಕನ್‌ಫ್ಯೂಸ್.

ಸಿಗ್ನಲ್‌ನ ಒಂದು ತುಂಡು ತಗೊಂಡು ನೋಡೋವಾಗ ಅದರ ಅಂಚುಗಳನ್ನ ಮೆಲ್ಲಗೆ ತಗ್ಗಿಸೋ ಸೂತ್ರಕ್ಕೆ ವಿಂಡೋ ಅಂತಾರೆ. ಅದರಲ್ಲಿ ಹ್ಯಾಮಿಂಗ್ ವಿಂಡೋ ಇವರದ್ದೇ. ಇನ್ನೊಂದು ಯೂಲಿಯಸ್ ಫಾನ್ ಹಾನ್ ಅನ್ನೋ ಆಸ್ಟ್ರಿಯಾದ ಹವಾಮಾನ ವಿಜ್ಞಾನಿ ಹೆಸರಿಂದ ಬಂದಿದ್ದು, ಪ್ರಾಸ ಕೂಡಿಬಂತು ಅಂತ ಜನ ಹ್ಯಾನಿಂಗ್ ಅಂತಾರೆ. ಸೂತ್ರದಲ್ಲಿ 0.54, 0.46 ಕಂಡ್ರೆ ಹ್ಯಾಮಿಂಗ್, ಎರಡೂ ಕಡೆ 0.5 ಇದ್ರೆ ಹಾನ್. ಗ್ರಾಫಲ್ಲಿ ಕೇಳಿದ್ರೆ ಅಂಚು ನೋಡಿ, ಹಾನ್ ಸೊನ್ನೆಗೆ ಇಳಿಯತ್ತೆ, ಹ್ಯಾಮಿಂಗ್ 0.08ರಲ್ಲೇ ನಿಂತ್ಬಿಡತ್ತೆ.