ಕೆಲಸ ಮುಗಿಸಿಕೊಟ್ಟು ನಾಲ್ಕು ತಿಂಗಳಾದರೂ ಕ್ಲೈಂಟ್ ದುಡ್ಡು ಕೊಡುತ್ತಿಲ್ಲ, ಫ್ರೀಲಾನ್ಸರ್ ಏನು ಮಾಡಬಹುದು?

ಹುಬ್ಬಳ್ಳಿಯಲ್ಲಿದ್ದುಕೊಂಡು ಬೆಂಗಳೂರಿನ ಜಾಹೀರಾತು ಏಜೆನ್ಸಿಯೊಂದಕ್ಕೆ ಪ್ಯಾಕೇಜಿಂಗ್ ಡಿಸೈನ್ ಮಾಡಿಕೊಟ್ಟಿದ್ದೀರಿ. 72,000 ರೂಪಾಯಿಯ ಬಿಲ್ ಕಳಿಸಿ ನಾಲ್ಕು ತಿಂಗಳಾಗಿದೆ. "ನೆಕ್ಸ್ಟ್ ವೀಕ್ ಹಾಕ್ತೀವಿ" ಅನ್ನುತ್ತಿದ್ದವರು ಈಗ ಫೋನೂ ಎತ್ತುತ್ತಿಲ್ಲ. ಸಹಿ ಮಾಡಿದ ಅಗ್ರಿಮೆಂಟ್ ಇಲ್ಲ, ಇರುವುದು ಇಮೇಲ್ ಮತ್ತು ವಾಟ್ಸಾಪ್ ಮಾತ್ರ. ಇಷ್ಟಕ್ಕೆ ಕೋರ್ಟಿಗೆ ಹೋಗಬೇಕೇ, ಬಿಟ್ಟುಬಿಡಬೇಕೇ ಎಂದು ಕೇಳಿದ್ದೀರಿ.

ಬಿಡಬೇಡಿ. ಕೋರ್ಟಿಗೂ ಈಗಲೇ ಓಡಬೇಡಿ. ನಾನು ಕನ್ನಡ ಅನುವಾದ ಮಾಡುವವನು, ದುಡಿಯುವುದು ಇದೇ ಬಗೆಯ ಏಜೆನ್ಸಿಗಳಿಗೆ. ಎಷ್ಟು ಸಲ ಫೋನ್ ಮಾಡಿದಿರಿ, ಎಷ್ಟು ಬೇಡಿಕೊಂಡಿರಿ ಅನ್ನುವುದು ಅಲ್ಲಿ ಯಾರ ಲೆಕ್ಕಕ್ಕೂ ಬರುವುದಿಲ್ಲ. ನಮ್ಮ ಬಾಕಿ ಅವರ ಅಕೌಂಟ್ಸ್‌ನವರಿಗೆ ತಲೆನೋವಾದ ದಿನ ದುಡ್ಡು ಬರುತ್ತದೆ. ಆ ತಲೆನೋವನ್ನು ಮರ್ಯಾದೆಯಿಂದಲೇ, ಕಾಗದದ ಮೇಲೆಯೇ ತರಿಸಬಹುದು.

ಮೊದಲು ನಿಮ್ಮ ಬಿಲ್ ಈಗ ಯಾರ ಟೇಬಲ್ ಮೇಲಿದೆ ಅನ್ನುವುದನ್ನು ಪತ್ತೆ ಮಾಡಿ. ನಿಮಗೆ ಕೆಲಸ ಕೊಟ್ಟವರು ಆರ್ಟ್ ಡೈರೆಕ್ಟರ್ ಇರಬಹುದು, ಕ್ಲೈಂಟ್ ಸರ್ವಿಸಿಂಗ್‌ನವರು ಇರಬಹುದು. ದುಡ್ಡು ಹಾಕುವುದು ಅಕೌಂಟ್ಸ್ ವಿಭಾಗ. ಈ ಇಬ್ಬರ ನಡುವೆ ಬಿಲ್‌ಗಳು ಕಳೆದುಹೋಗುತ್ತವೆ. ವಾಟ್ಸಾಪಿನಲ್ಲಿ ಬಂದ ಪಿಡಿಎಫ್ ಅನ್ನು ಕೆಲಸ ಕೊಟ್ಟವರು ಅಕೌಂಟ್ಸ್‌ಗೆ ದಾಟಿಸಿರುವುದೇ ಇಲ್ಲ. ದಾಟಿಸಿದ್ದರೂ ಪಿಒ (ಕೆಲಸದ ಆರ್ಡರ್) ನಂಬರ್ ಇಲ್ಲ, ವೆಂಡರ್ ಫಾರ್ಮ್ ತುಂಬಿಲ್ಲ, ಕ್ಯಾನ್ಸಲ್ಡ್ ಚೆಕ್ ಇಲ್ಲ ಅಂತ ಅಲ್ಲಿ ಪಕ್ಕಕ್ಕಿಟ್ಟಿರುತ್ತಾರೆ. ಅದನ್ನು ನಿಮಗೆ ಹೇಳುವವರು ಯಾರೂ ಇರುವುದಿಲ್ಲ. ಆಫೀಸಿನ ಲ್ಯಾಂಡ್‌ಲೈನಿಗೆ ಫೋನ್ ಮಾಡಿ, ಅಕೌಂಟ್ಸ್‌ಗೆ ಕೊಡಿ ಅನ್ನಿ. "ನನ್ನ ಬಿಲ್ ಬುಕ್ ಆಗಿದೆಯಾ ಮೇಡಂ? ಆಗಿಲ್ಲ ಅಂದರೆ ಏನು ಬೇಕು?" ಇಷ್ಟು ಕೇಳಿದರೆ ಸಾಕು. ಅವರ ಇಮೇಲ್ ವಿಳಾಸ ತೆಗೆದುಕೊಂಡು, ಬಿಲ್ಲಿನ ಜೊತೆ ಪ್ಯಾನ್, ಬ್ಯಾಂಕ್ ವಿವರ, ಕೆಲಸ ಒಪ್ಪಿಕೊಂಡ ಮೆಸೇಜಿನ ಸ್ಕ್ರೀನ್‌ಶಾಟ್ ಎಲ್ಲವನ್ನೂ ಒಂದೇ ಮೇಲ್‌ನಲ್ಲಿ ಕಳಿಸಿ.

ಅಲ್ಲಿಂದಲೂ ಉತ್ತರ ಬರದಿದ್ದರೆ ಆದಾಯ ತೆರಿಗೆ ಪೋರ್ಟಲ್‌ಗೆ ಹೋಗಿ ನಿಮ್ಮ 26ಎಎಸ್ ತೆಗೆದು ನೋಡಿ, ಅದು ನಿಮ್ಮ ಪ್ಯಾನ್ ಮೇಲೆ ಯಾರು ಎಷ್ಟು ತೆರಿಗೆ ಕಡಿದು ಕಟ್ಟಿದ್ದಾರೆ ಎಂದು ತೋರಿಸುವ ಪಟ್ಟಿ. ಇದನ್ನು ನಮ್ಮವರು ರಿಟರ್ನ್ ತುಂಬುವಾಗ ಮಾತ್ರ ನೋಡುತ್ತಾರೆ, ಬಾಕಿ ವಸೂಲಿಗೂ ಇದು ಬಹಳ ಉಪಯೋಗಕ್ಕೆ ಬರುತ್ತದೆ. ಟಿಡಿಎಸ್, ಅಂದರೆ ದುಡ್ಡು ಕೊಡುವವರೇ ಹಿಡಿದುಕೊಂಡು ಸರ್ಕಾರಕ್ಕೆ ಕಟ್ಟುವ ತೆರಿಗೆ, ಕಡಿತ ಆಗಬೇಕಾದ್ದು ದುಡ್ಡು ಕೊಟ್ಟ ದಿನ ಅಥವಾ ಬಿಲ್ಲನ್ನು ಪುಸ್ತಕದಲ್ಲಿ ನಿಮ್ಮ ಹೆಸರಿಗೆ ಜಮಾ ಮಾಡಿದ ದಿನ, ಯಾವುದು ಮೊದಲೋ ಆಗ. ಒಬ್ಬರಿಗೆ ವರ್ಷಕ್ಕೆ 50,000 ರೂಪಾಯಿ ದಾಟಿದ ವೃತ್ತಿಪರ ಶುಲ್ಕಕ್ಕೆ ಶೇ 10 ಕಡಿಯುತ್ತಾರೆ, ಗುತ್ತಿಗೆ ಕೆಲಸ ಅಂತ ಪರಿಗಣಿಸಿದರೆ ವ್ಯಕ್ತಿಗಳಿಗೆ ಶೇ 1. ಅಂದರೆ ಏಜೆನ್ಸಿಯ ಹೆಸರಿನ ಮುಂದೆ 7,200 ಅಥವಾ 720 ರೂಪಾಯಿ ಕಂಡರೆ, ನಿಮ್ಮ ಬಿಲ್ ಸರಿಯಿದೆ ಎಂದು ಅವರೇ ಸರ್ಕಾರಕ್ಕೆ ಬರೆದುಕೊಟ್ಟಿದ್ದಾರೆ. ಆಮೇಲೆ "ಡಿಸೈನ್ ಚೆನ್ನಾಗಿರಲಿಲ್ಲ", "ಕೆಲಸ ಪೂರ್ತಿ ಆಗಿರಲಿಲ್ಲ" ಅನ್ನುವ ಸಬೂಬು ನಿಲ್ಲುವುದು ಕಷ್ಟ. ಅವರು ಮೂರು ತಿಂಗಳಿಗೊಮ್ಮೆ ಟಿಡಿಎಸ್ ರಿಟರ್ನ್ ಸಲ್ಲಿಸಿದ ಮೇಲೆ ಈ ನಮೂದು ಕಾಣಿಸುತ್ತದೆ, ಹಾಗಾಗಿ ಒಮ್ಮೆ ಸಿಗಲಿಲ್ಲವೆಂದು ಬಿಡಬೇಡಿ.

ಇನ್ನು ಮೇಲ್ ಬರೆಯುವ ರೀತಿ. ನಮ್ಮಲ್ಲಿ ದಾಕ್ಷಿಣ್ಯ ಜಾಸ್ತಿ. "ತೊಂದರೆ ಕೊಡ್ತಿರೋದಕ್ಕೆ ಕ್ಷಮಿಸಿ ಸರ್, ಅಮ್ಮನ ಆಸ್ಪತ್ರೆ ಖರ್ಚು ಇದೆ, ಸಾಧ್ಯವಾದರೆ..." ಅಂತ ಬರೆದ ಮೇಲ್‌ಗಳನ್ನು ಗೆಳೆಯರು ನನಗೆ ತೋರಿಸಿದ್ದಾರೆ. ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ರಾತ್ರಿ ನಿದ್ದೆಗೆಟ್ಟು ದುಡಿದವರು ತಮ್ಮ ಕೂಲಿ ಕೇಳಲು ಮನೆಯ ಕಷ್ಟ ತೋಡಿಕೊಳ್ಳಬೇಕಾಗಿಲ್ಲ. ಹೀಗೆ ಬರೆಯಿರಿ: "ಬಿಲ್ ಸಂಖ್ಯೆ ಇಂಥದ್ದು, ಮೊತ್ತ 72,000 ರೂಪಾಯಿ. ಅಂತಿಮ ಫೈಲ್‌ಗಳನ್ನು ಇಂಥ ದಿನ ಕಳಿಸಿದ್ದೇನೆ, ನಿಮ್ಮ ತಂಡದ ಇಂಥವರು ಇಂಥ ದಿನ ಒಪ್ಪಿಗೆ ಕೊಟ್ಟಿದ್ದಾರೆ. ಈ ಬಾಕಿಯನ್ನು ದೃಢಪಡಿಸಿ, ಪಾವತಿಯ ದಿನಾಂಕ ತಿಳಿಸಿ." ಕೊನೆಯ ಸಾಲು ಮುಖ್ಯ. ಕೆಲಸದ ಹಣಕ್ಕೆ ದಾವೆ ಹೂಡಲು ಕೆಲಸ ಮುಗಿದ ದಿನದಿಂದ 3 ವರ್ಷ ಅವಕಾಶವಿದೆ. ಆ ಅವಧಿಯೊಳಗೆ ಅವರು ಬಾಕಿ ಇರುವುದನ್ನು ಬರಹದಲ್ಲಿ, ಸಹಿಯೊಡನೆ ಒಪ್ಪಿಕೊಂಡರೆ ಆ ದಿನದಿಂದ ಮತ್ತೆ 3 ವರ್ಷ ಎಣಿಕೆಯಾಗುತ್ತದೆ. ಅವರು ಫೋನಿನಲ್ಲಿ ಏನೇ ಹೇಳಲಿ, ಅದನ್ನು ಅವತ್ತೇ "ಈಗ ಮಾತಾಡಿದಂತೆ 20ನೇ ತಾರೀಕಿನೊಳಗೆ ಪಾವತಿ ಮಾಡುವುದಾಗಿ ತಿಳಿಸಿದ್ದೀರಿ" ಎಂದು ಮೇಲ್ ಮಾಡಿಬಿಡಿ. ಸಹಿಯಾದ ಅಗ್ರಿಮೆಂಟ್ ಇಲ್ಲವೆಂದು ಕುಗ್ಗಬೇಡಿ. ಕೆಲಸ ಕೇಳಿದ್ದು, ದರ ಒಪ್ಪಿದ್ದು, ಫೈಲ್ ಪಡೆದದ್ದು ಮೇಲ್‌ನಲ್ಲಿದ್ದರೆ ಅದೂ ಕರಾರೇ.

"ನಮ್ಮ ಕ್ಲೈಂಟೇ ನಮಗೆ ಕೊಟ್ಟಿಲ್ಲ, ಅವರು ಕೊಟ್ಟ ತಕ್ಷಣ ನಿಮಗೆ" ಅನ್ನುವುದು ಏಜೆನ್ಸಿಗಳ ಖಾಯಂ ಉತ್ತರ. ಹಳೇ ಮನೆಗಳ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆಯುತ್ತಿದ್ದರಲ್ಲ, ಹಾಗೆ ಯಾವತ್ತು ಹೋದರೂ ಅದೇ. ನಿಮಗೆ ಕೆಲಸ ಕೊಟ್ಟದ್ದು ಏಜೆನ್ಸಿ. ಅವರ ಕ್ಲೈಂಟ್ ಕೊಟ್ಟ ಮೇಲೆಯೇ ನನಗೆ ಕೊಡಿ ಎಂದು ನೀವು ಒಪ್ಪಿಕೊಂಡಿಲ್ಲದಿದ್ದರೆ ಆ ಕಷ್ಟ ಅವರದ್ದು.

ಈಗ ಕಾನೂನಿನ ಬಲದ ವಿಷಯ. ನಿಮಗೆ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಎಂದು ಸರ್ಕಾರದಲ್ಲಿ ಮಾಡಿಸುವ ನೋಂದಣಿ, ಇದೆಯೇ? ಇಲ್ಲದಿದ್ದರೆ ಈ ಉತ್ತರ ಓದಿ ಮುಗಿಸಿದ ಕೂಡಲೇ ಮಾಡಿಸಿ. ಒಬ್ಬರೇ ಮನೆಯಿಂದ ಕೆಲಸ ಮಾಡುವವರೂ ಮಾಡಿಸಬಹುದು. ಆಧಾರ್ ಮತ್ತು ಪ್ಯಾನ್ ಇದ್ದರೆ ಸಾಕು, ಸರ್ಕಾರಿ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ. ದುಡ್ಡು ಕೇಳುವ ನಕಲಿ ವೆಬ್‌ಸೈಟ್‌ಗಳಿವೆ, ಹುಷಾರು. 2006ರ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮ) ಅಭಿವೃದ್ಧಿ ಕಾಯ್ದೆಯ ಪ್ರಕಾರ ನೋಂದಾಯಿತ ಸಣ್ಣ ಉದ್ಯಮದ ಬಿಲ್ಲನ್ನು, ಬರಹದ ಕರಾರು ಇಲ್ಲದಿದ್ದರೆ 15 ದಿನದಲ್ಲಿ, ಕರಾರಿದ್ದರೂ ಹೆಚ್ಚೆಂದರೆ 45 ದಿನದಲ್ಲಿ ತೀರಿಸಬೇಕು. ಕೆಲಸ ತಲುಪಿದ 15 ದಿನದೊಳಗೆ ಬರಹದಲ್ಲಿ ಆಕ್ಷೇಪ ಎತ್ತದಿದ್ದರೆ ಒಪ್ಪಿಕೊಂಡಂತೆಯೇ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ. ದೂರನ್ನು ಆನ್‌ಲೈನ್‌ನಲ್ಲೇ ಕೊಡಬಹುದು, ಅದು ಇಂಥ ಬಾಕಿಯ ತಕರಾರು ತೀರಿಸುವ ರಾಜ್ಯದ ಫೆಸಿಲಿಟೇಶನ್ ಕೌನ್ಸಿಲ್ ಮುಂದೆ ಹೋಗುತ್ತದೆ. ಅಲ್ಲಿ ಸೋತವರು ತೀರ್ಪನ್ನು ಪ್ರಶ್ನಿಸಬೇಕೆಂದರೆ ಮೊದಲು ಶೇ 75ರಷ್ಟು ಹಣ ಠೇವಣಿ ಇಡಬೇಕು. ಆದರೆ ಕೆಲಸಕ್ಕಿಂತ ಮುಂಚೆ ನೋಂದಣಿ ಇದ್ದರೆ ಮಾತ್ರ ಇದನ್ನು ಗಟ್ಟಿಯಾಗಿ ನಂಬಬಹುದು. ಕೆಲಸ ಮುಗಿದ ಮೇಲೆ ಮಾಡಿಸಿದ ನೋಂದಣಿಯ ಮೇಲೆ ಸುಪ್ರೀಂ ಕೋರ್ಟ್‌ವರೆಗೂ ತಕರಾರು ನಡೆದಿದೆ. ನಿಮ್ಮ ಈ ಬಿಲ್ಲಿಗೆ ಅದು ತಡವಾಗಿರಬಹುದು, ಮುಂದಿನದಕ್ಕಂತೂ ಅಲ್ಲ.

ಬಡ್ಡಿಗಿಂತ ಅಕೌಂಟ್ಸ್‌ನವರು ಹೆದರುವುದು ಇನ್ನೊಂದಕ್ಕೆ. 2023ರ ಹಣಕಾಸು ಕಾಯ್ದೆ ಆದಾಯ ತೆರಿಗೆಯಲ್ಲಿ ಒಂದು ನಿಯಮ ಸೇರಿಸಿತು: ಇಂಥ ಸಣ್ಣ ಉದ್ಯಮದ ಬಾಕಿಯನ್ನು ಮೇಲಿನ ಗಡುವಿನೊಳಗೆ ಕೊಡದಿದ್ದರೆ, ಅದನ್ನು ನಿಜವಾಗಿ ಕೊಡುವ ವರ್ಷದವರೆಗೆ ಖರ್ಚು ಎಂದು ತೋರಿಸಿ ತೆರಿಗೆ ಉಳಿಸುವಂತಿಲ್ಲ. ಆಮೇಲೆ ಲೆಕ್ಕದ ವರ್ಷ ಮುಗಿಯುವ ಮಾರ್ಚ್ ತಿಂಗಳ ನೋಟವೇ ಬದಲಾಗಿದೆ. ನಾನು ಪ್ರತಿ ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆ ಹಾಕುತ್ತೇನೆ. ಅದನ್ನು ನೋಡಿ ಅಕೌಂಟ್ಸ್‌ನವರೇ ಫೋನ್ ಮಾಡಿ ಸರ್ಟಿಫಿಕೇಟ್ ಕೇಳುತ್ತಾರೆ. ಹಿಂದೆ ನಾವು ಅವರ ಹಿಂದೆ ಬೀಳುತ್ತಿದ್ದೆವು.

ಇಷ್ಟೆಲ್ಲ ಆಗಿಯೂ ಮೌನವೇ ಉತ್ತರವಾದರೆ ವಕೀಲರಿಂದ ಲೀಗಲ್ ನೋಟಿಸ್ ಕೊಡಿಸಿ. ಏಜೆನ್ಸಿ ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಅದರ ನೋಂದಾಯಿತ ವಿಳಾಸ, ನಿರ್ದೇಶಕರ ಹೆಸರು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಸಿಗುತ್ತದೆ, ನೋಟಿಸ್ ಅಲ್ಲಿಗೇ ಹೋಗಲಿ. ಅದಕ್ಕೂ ಬಗ್ಗದಿದ್ದರೆ, 72,000 ರೂಪಾಯಿಗೆ ವರ್ಷಗಟ್ಟಲೆ ಸಿವಿಲ್ ಕೋರ್ಟ್ ಅಲೆಯುವುದಕ್ಕಿಂತ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು ಲೋಕ ಅದಾಲತ್‌ಗೆ ಕರೆಸುವುದು ಮೇಲು. ಕೇಸ್ ಹಾಕುವ ಮೊದಲೇ ಇದನ್ನು ಮಾಡಬಹುದು, ಕೋರ್ಟ್ ಶುಲ್ಕವಿಲ್ಲ. ಇಬ್ಬರೂ ಒಪ್ಪಿ ರಾಜಿಯಾದರೆ ಅದು ಕೋರ್ಟಿನ ಡಿಕ್ರಿಗೆ (ತೀರ್ಪಿನ ಆದೇಶಕ್ಕೆ) ಸಮ, ಅದರ ಮೇಲೆ ಅಪೀಲೂ ಇಲ್ಲ. ಒಂದು ವೇಳೆ ಅವರು ಚೆಕ್ ಕೊಟ್ಟು ಅದು ಬೌನ್ಸ್ ಆದರೆ ಮಾತ್ರ ತಡ ಮಾಡಲೇಬೇಡಿ. ಬ್ಯಾಂಕಿನ ಮೆಮೊ ಕೈ ಸೇರಿದ 30 ದಿನದೊಳಗೆ ನೋಟಿಸ್ ಹೋಗಬೇಕು.

ಲಿಂಕ್ಡ್‌ಇನ್‌ನಲ್ಲಿ ಹೆಸರು ಹಾಕಿ ಬಯ್ಯಿರಿ ಎಂದು ಕೆಲವರು ಹೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ನ್ಯಾಯ ನಿಮ್ಮ ಕಡೆ ಇರುವಾಗ ಮಾನನಷ್ಟದ ನೋಟಿಸ್ ಕಳಿಸಲು ಅವರಿಗೆ ನೆಪ ಒದಗಿಸಬಾರದು.

ಮುಂದಿನ ಕೆಲಸಕ್ಕೆ ಅರ್ಧ ದುಡ್ಡು ಮುಂಗಡ ಕೇಳಿ. ಪೂರ್ತಿ ಹಣ ಬರುವವರೆಗೆ ವಾಟರ್‌ಮಾರ್ಕ್ ಇರುವ ಪಿಡಿಎಫ್ ಮಾತ್ರ ಕೊಡಿ, ತಿದ್ದಬಹುದಾದ ಓಪನ್ ಫೈಲ್ ಬೇಡ. ಅನುವಾದದಲ್ಲಿ ವಾಟರ್‌ಮಾರ್ಕ್ ಹಾಕಿ ಪ್ರಯೋಜನವಿಲ್ಲ, ಹಾಗಾಗಿ ನಾನು ದೊಡ್ಡ ಕೆಲಸವನ್ನು ಕಂತುಗಳಾಗಿ ಒಡೆದು, ಮೊದಲ ಕಂತಿನ ಹಣ ಬಂದ ಮೇಲೆ ಎರಡನೆಯದನ್ನು ಬಿಡುತ್ತೇನೆ. ಹೊಸ ಕ್ಲೈಂಟ್‌ಗಳು ಇದಕ್ಕೆ ಮುಖ ಸಿಂಡರಿಸಿದರೆ ಆ ಕೆಲಸ ಹೋದರೂ ಪರವಾಗಿಲ್ಲ.

ಕೊನೆಗೊಂದು ಎಚ್ಚರಿಕೆ. ನೋಟಿಸ್ ಹೋದ ಮೇಲೆ "ಸದ್ಯಕ್ಕೆ 30,000 ತಗೊಳ್ಳಿ" ಎಂದು ಫೋನ್ ಬರುವ ಸಾಧ್ಯತೆ ಇದೆ. ತೆಗೆದುಕೊಳ್ಳಿ, ಬ್ಯಾಂಕ್ ಮೂಲಕವೇ ಹಾಕಿಸಿಕೊಳ್ಳಿ. ಜೊತೆಗೆ ಅವರು ಸಹಿಗೆ ಕಳಿಸುವ ಕಾಗದದಲ್ಲಿ "ಪೂರ್ಣ ಮತ್ತು ಅಂತಿಮ ಇತ್ಯರ್ಥ" ಅನ್ನುವ ಪದಗಳಿದ್ದರೆ ಸಹಿ ಹಾಕಬೇಡಿ. "30,000 ರೂಪಾಯಿ ಭಾಗಶಃ ಪಾವತಿ ತಲುಪಿದೆ, 42,000 ರೂಪಾಯಿ ಬಾಕಿ ಇದೆ" ಎಂದು ನೀವೇ ಮೇಲ್ ಬರೆದು ಅಕೌಂಟ್ಸ್‌ಗೆ ಕಳಿಸಿ.