ಗೆಳತಿ ಬರೀ ಕೆಟ್ಟದ್ದನ್ನೇ ಯೋಚಿಸ್ತಾಳೆ, ಏನ್ ಮಾಡ್ಲಿ?

ಪ್ರಶ್ನೆ: ನಾನು, ನನ್ನ ಗೆಳತಿ ಸೇರಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುತ್ತೇವೆ. ಈಗ ಮದುವೆಯೊಂದಕ್ಕೆ ಎರಡು ಸಾವಿರ ರೊಟ್ಟಿ ಕೇಳಿದ್ದಾರೆ. ನನಗೆ ಖುಷಿಯೋ ಖುಷಿ. ಅವಳದು ಮಾತ್ರ ಒಂದೇ ರಾಗ: ‘ರೊಟ್ಟಿ ಬಡಿಯೋರು ಕೈಕೊಟ್ರ? ಮಳಿ ಹತ್ತಿ ರೊಟ್ಟಿ ಮೆತ್ತಗಾದ್ರ? ಅವರು ರೊಕ್ಕಾ ಕೊಡಲಿಲ್ಲಂದ್ರ?’ ‘ಏನೂ ಆಗಂಗಿಲ್ಲ ಬಿಡು’ ಅಂದರೆ ಮಾತು ಬಿಡುತ್ತಾಳೆ. ಶಾಲೆಯಿಂದ ಜೊತೆಗಿದ್ದವಳು. ಈ ಸ್ನೇಹ ಉಳಿಯುತ್ತಾ?
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಖಂಡಿತ ಉಳಿಯುತ್ತೆ. ಆದರೆ ‘ಏನೂ ಆಗಂಗಿಲ್ಲ’ ಅನ್ನೋದನ್ನು ಮೊದಲು ಬಿಡಿ. ನೀವು ಧೈರ್ಯ ಹೇಳೋಕೆ ಅಂತಲೇ ಹೇಳ್ತೀರಿ, ಆಕೆಗೆ ಮಾತ್ರ ತನ್ನ ಮಾತಿಗೆ ಬೆಲೆಯೇ ಇಲ್ಲ ಅನ್ನಿಸುತ್ತೆ.

ಆಕೆ ಕೇಳಿದ್ದನ್ನು ಇನ್ನೊಮ್ಮೆ ನೋಡಿ. ಒಂದಾದರೂ ಸುಮ್ನೆ ಕೇಳಿದ್ದಾ? ರೊಟ್ಟಿ ಬಡಿಯೋಕೆ ಇನ್ನಿಬ್ಬರಿಗೆ ಈಗಲೇ ಹೇಳಿಡಬೇಕು, ಅರ್ಧ ದುಡ್ಡು ಮುಂಗಡ ಇಸ್ಕೊಬೇಕು, ರೊಟ್ಟಿ ಪೂರ್ತಿ ಆರಿದ ಮೇಲೆ ಗಾಳಿಯಾಡದ ಹಾಗೆ ಕಟ್ಟಬೇಕು. ವ್ಯಾಪಾರಕ್ಕೆ ಇಳಿದ ಯಾರಾದರೂ ಯೋಚಿಸಲೇಬೇಕಾದ ವಿಷಯಗಳೇ ಇವು, ನಿಮ್ಮಿಬ್ಬರಲ್ಲಿ ಅದನ್ನು ಆಕೆ ಮಾಡ್ತಿದ್ದಾರೆ ಅಷ್ಟೆ.

ಅಮೆರಿಕದ ಮನೋವಿಜ್ಞಾನಿಗಳಾದ ಜೂಲಿ ನೋರೆಮ್, ನ್ಯಾನ್ಸಿ ಕ್ಯಾಂಟರ್ 1986ರಲ್ಲೇ ಇಂಥವರ ಬಗ್ಗೆ ಬರೆದಿದ್ದಾರೆ. ಕೆಟ್ಟದ್ದನ್ನು ಮೊದಲೇ ಊಹಿಸಿ, ತಯಾರಿ ಮಾಡಿಕೊಂಡು, ಹಾಗೆಯೇ ತಮ್ಮ ಭಯವನ್ನು ಹತೋಟಿಗೆ ತಂದುಕೊಳ್ಳುವವರು ಇವರು. ‘ನೀನು ಚೆನ್ನಾಗೇ ಮಾಡ್ತೀಯ’ ಅಂತ ಹುರಿದುಂಬಿಸಿದಾಗ ಇವರ ಕೆಲಸ ಇನ್ನೂ ಕೆಟ್ಟಿತು ಅನ್ನೋದು ಅವರ ಪ್ರಯೋಗದಲ್ಲಿ ಕಂಡುಬಂತು! ಹಾಗಾಗಿ ಒಂದರ್ಧ ಗಂಟೆ ಎದುರು ಕೂತು ‘ಇನ್ನೇನೇನು ಆಗಬಹುದು ಹೇಳು’ ಅಂತ ನೀವೇ ಕೇಳಿ, ಆಕೆ ಹೇಳಿದ್ದಕ್ಕೆಲ್ಲ ಏನು ಮಾಡೋದು ಅಂತ ಇಬ್ಬರೂ ಸೇರಿ ಬರೆದುಕೊಳ್ಳಿ.

ಬರೆದಾದ ಮೇಲೆ ‘ಸರಿ, ಒಪ್ಪಿಕೊಳ್ಳೋಣ’ ಅನ್ನುವ ಕೆಲಸ ನಿಮ್ಮದು. ಇದನ್ನು ಆಕೆಗೇ ಬಿಟ್ಟರೆ ಯಾವ ಆರ್ಡರೂ ಕೈಗೆ ಹತ್ತಲ್ಲ, ಅದೂ ನಿಜ. ಗಿರಾಕಿ ಮುಂದೆ ಮಾತ್ರ ಅನುಮಾನ ಬೇಡ ಅಂತ ಪ್ರೀತಿಯಿಂದಲೇ ಹೇಳಿ, ಗೆಳತಿ ಅಲ್ವಾ, ಅರ್ಥ ಮಾಡಿಕೊಳ್ಳುತ್ತಾರೆ.

ಒಂದು ವಿಷಯ ಗಮನಿಸುತ್ತಿರಿ. ತಯಾರಿ ಮುಗಿದರೂ ಚಿಂತೆ ಮುಗಿಯದೆ, ವಾರಗಟ್ಟಲೆ ನಿದ್ದೆ, ಊಟ ಸೇರದೆ, ಕೆಲಸಕ್ಕೂ ಬರೋಕಾಗದಿದ್ದರೆ ಅದನ್ನು ಸ್ವಭಾವ ಅಂತ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆಕೆ ಹಿಂಜರಿದರೆ ನೀವೇ ನಂಬರ್ ಒತ್ತಿಕೊಟ್ಟು ಪಕ್ಕದಲ್ಲಿ ಕೂತಿರಿ.