ನೂರಕ್ಕೆ ನಲವತ್ತು ಅನ್ನುವ ಮೊದಲು

ತಿಪಟೂರು ಕಡೆಯ ಪದವಿ ಕಾಲೇಜೊಂದರ ಉಪನ್ಯಾಸಕಿಯೊಬ್ಬರ ಪತ್ರ: "ನೂರಕ್ಕೆ ನಲವತ್ತು ವಿದ್ಯಾರ್ಥಿಗಳಿಗೆ ಇಂಟರ್‌ನೆಟ್ ಚಟ ಹಿಡಿದಿದೆ ಅಂತ ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ್ದು ನಮ್ಮ ಸ್ಟಾಫ್ ರೂಮಿನಲ್ಲಿ ದೊಡ್ಡ ಚರ್ಚೆಯಾಯಿತು. ನಮ್ಮಲ್ಲೂ ಗೂಗಲ್ ಫಾರ್ಮ್ ಕಳಿಸಿ ಲೆಕ್ಕ ಹಾಕೋಣ, ಚಟ ಇದೆ ಅಂತ ಬಂದವರ ತಂದೆತಾಯಿಯನ್ನು ಕರೆಸೋಣ ಅಂತ ಮಾತಾಗಿದೆ. ಆ ನಲವತ್ತನ್ನು ನಂಬಬಹುದಾ? ನಾವು ಮಾಡಹೊರಟಿದ್ದು ಸರಿಯಾ?"

ನಮಸ್ಕಾರ ಮೇಡಂ. ಫಾರ್ಮ್ ಕಳಿಸುವ ಮೊದಲೇ ಕೇಳಿದಿರಲ್ಲ, ಒಳ್ಳೆಯದಾಯಿತು. ತಂದೆತಾಯಿಯನ್ನು ಕರೆಸುವ ಮಾತನ್ನು ದಯವಿಟ್ಟು ಕೈಬಿಡಿ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಇಂಥ ಸಮೀಕ್ಷೆಗಳಲ್ಲಿ ತುಂಬಾ ಬಳಕೆಯಲ್ಲಿರುವುದು ಅಮೆರಿಕದ ಮನಃಶಾಸ್ತ್ರಜ್ಞೆ ಕಿಂಬರ್ಲಿ ಯಂಗ್ 1998ರಲ್ಲಿ ಕೊಟ್ಟ ಪ್ರಶ್ನಾವಳಿ. ಒಟ್ಟು 20 ಪ್ರಶ್ನೆ. ಅಂದುಕೊಂಡದ್ದಕ್ಕಿಂತ ಜಾಸ್ತಿ ಹೊತ್ತು ಆನ್‌ಲೈನ್ ಇರುತ್ತೀರಾ, ಮನೆಗೆಲಸ ಬಿಟ್ಟು ಕೂರುತ್ತೀರಾ, ರಾತ್ರಿ ನಿದ್ದೆ ಕೆಡುತ್ತದಾ, ಮಾಡಬೇಕಾದ ಕೆಲಸಕ್ಕೂ ಮುಂಚೆ ಇಮೇಲ್ ನೋಡುತ್ತೀರಾ, ಹೀಗೆ. ಒಂದೊಂದಕ್ಕೂ ಸೊನ್ನೆಯಿಂದ ಐದರವರೆಗೆ ಅಂಕ. 'ಅಪರೂಪಕ್ಕೆ' ಅಂದರೆ 1, 'ಯಾವಾಗಲಾದರೊಮ್ಮೆ' ಅಂದರೆ 2, 'ಯಾವಾಗಲೂ' ಅಂದರೆ 5. ಈಗ ನಿಮ್ಮ ತರಗತಿಯ ಒಬ್ಬ ಹುಡುಗ 11 ಪ್ರಶ್ನೆಗೆ 'ಯಾವಾಗಲಾದರೊಮ್ಮೆ', ಉಳಿದ 9ಕ್ಕೆ 'ಅಪರೂಪಕ್ಕೆ' ಅಂತ ಗುರುತು ಹಾಕಿದ ಅಂತಿಟ್ಟುಕೊಳ್ಳಿ. ಕೂಡಿದರೆ 31. ಕೆಲವು ಸಂಶೋಧಕರು 30ರವರೆಗೆ ಮಾಮೂಲು ಬಳಕೆ, 31ರಿಂದ 49 ಸೌಮ್ಯ ಚಟ, 50ರಿಂದ 79 ಮಧ್ಯಮ, 80ರಿಂದ ಮೇಲೆ ತೀವ್ರ ಅಂತ ಗೆರೆ ಎಳೆಯುತ್ತಾರೆ. ಅವರ ಲೆಕ್ಕದಲ್ಲಿ ಈ ಹುಡುಗನಿಗೆ ಚಟ. ಇನ್ನು ಕೆಲವರು 49ರವರೆಗೂ ಸಾಮಾನ್ಯ ಬಳಕೆದಾರ ಅಂತಲೇ ಹಿಡಿಯುತ್ತಾರೆ, ಅವರ ಲೆಕ್ಕದಲ್ಲಿ ಇವನಿಗೆ ಏನೂ ಇಲ್ಲ. ಹಾಳೆ ಅದೇ, ಹುಡುಗನೂ ಅವನೇ. ಅಷ್ಟಕ್ಕೆ ಅವನ ಅಪ್ಪನನ್ನು ತೋಟದ ಕೆಲಸ ಬಿಡಿಸಿ ಕಾಲೇಜಿಗೆ ಕರೆಸುವುದಾ?

ನಮ್ಮ ಕಡೆಯದೇ ಒಂದು ಲೆಕ್ಕ ನೋಡಿ. ಮಂಗಳೂರಿನ 1,086 ಇಂಜಿನಿಯರಿಂಗ್ ವಿದ್ಯಾರ್ಥಿಗಳ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಸೌಮ್ಯ ಮಟ್ಟದವರು ಶೇ. 27.1, ಮಧ್ಯಮ ಶೇ. 9.7, ತೀವ್ರ ಶೇ. 0.4. ಮೂರನ್ನೂ ಕೂಡಿಸಿ ಹೇಳಿದರೆ ಶೇ. 37 ದಾಟುತ್ತದೆ, 'ಹತ್ತರಲ್ಲಿ ನಾಲ್ವರಿಗೆ ಚಟ' ಅಂತ ಶೀರ್ಷಿಕೆ ಕೊಡಬಹುದು. ಮಧ್ಯಮದಿಂದ ಮೇಲಷ್ಟೇ ಅಂದರೆ ಶೇ. 10ರ ಹತ್ತಿರ. ತೀವ್ರ ಮಾತ್ರ ಅಂದರೆ ಅಷ್ಟು ಜನರಲ್ಲಿ ನಾಲ್ಕೈದು ಮಂದಿ. ಸಂಶೋಧಕರು ಮೂರನ್ನೂ ಬೇರೆ ಬೇರೆಯಾಗಿಯೇ ಕೊಟ್ಟಿದ್ದಾರೆ. ಅವು ಫಾರ್ವರ್ಡ್ ಆಗುತ್ತಾ ಆಗುತ್ತಾ ಒಂದೇ ಸಂಖ್ಯೆಯಾಗಿಬಿಡುತ್ತವೆ, ನನಗೆ ಬೇಜಾರಾಗುವುದು ಅಲ್ಲೇ.

ಹೊರಗಿನ ಲೆಕ್ಕಗಳೂ ಹೀಗೇ ಏರುಪೇರು. 31 ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಹಾಂಗ್‌ಕಾಂಗ್‌ನ ಸಂಶೋಧಕರು 2014ರಲ್ಲಿ ಹೇಳಿದ ಸರಾಸರಿ ಶೇ. 6. ಅದರಲ್ಲೇ ಉತ್ತರ ಮತ್ತು ಪಶ್ಚಿಮ ಯುರೋಪಿನಲ್ಲಿ ಶೇ. 2.6, ಮಧ್ಯಪ್ರಾಚ್ಯದಲ್ಲಿ ಶೇ. 10.9.

ಇನ್ನು ನಿಮ್ಮ ಗೂಗಲ್ ಫಾರ್ಮ್ ವಿಷಯ. ಲಿಂಕ್ ಕಳಿಸಿದ ಐದು ನಿಮಿಷಕ್ಕೆ ತುಂಬಿ ಕಳಿಸುವವರು ಯಾರು ಹೇಳಿ? ಸದಾ ಫೋನ್ ಕೈಯಲ್ಲಿರುವವರೇ ಅಲ್ವಾ? ದಿನಕ್ಕೊಮ್ಮೆ ಮಾತ್ರ ವಾಟ್ಸಾಪ್ ನೋಡುವ ಹುಡುಗಿ, ಡೇಟಾ ಮುಗಿದ ಹುಡುಗ, ಮನೆಯಲ್ಲಿ ಅಣ್ಣನ ಫೋನ್ ಹಂಚಿಕೊಂಡವರು, ಇವರೆಲ್ಲ ನಿಮ್ಮ ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕಿಂತ ಅಚ್ಚು ಹಾಕಿಸಿದ ಹಾಳೆಯನ್ನು ತರಗತಿಯಲ್ಲೇ ಕೊಡಿ. ಹೆಸರು, ರೋಲ್ ನಂಬರ್ ಬೇಡ. ಹೆಸರು ಕೇಳಿದರೆ ಯಾರೂ ನಿಜ ಬರೆಯುವುದಿಲ್ಲ, ಅದು ನಿಮಗೂ ಗೊತ್ತು. ಆ ದಿನ ಯಾರು ಬಂದಿಲ್ಲ ಅನ್ನುವುದನ್ನು ಹಾಜರಿಯಲ್ಲಿ ನೋಡಿಕೊಂಡು ಅವರಿಗೂ ಇನ್ನೊಂದು ದಿನ ಕೊಡಿ. ರಾತ್ರಿಯೆಲ್ಲ ಆಟ ಆಡಿ ಬೆಳಗಿನ ತರಗತಿ ತಪ್ಪಿಸುವವನು ಇರುವುದು ಆ ಗೈರುಹಾಜರಿ ಪಟ್ಟಿಯಲ್ಲೇ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಒಂದು ತೊಡಕು ಉಳಿಯುತ್ತದೆ. ಒಂದು ಲೆಕ್ಕ ಮಾಡೋಣ, ಅಂಕಿಗಳು ಸುಮ್ನೆ ಉದಾಹರಣೆಗೆ. ಸಾವಿರ ಮಕ್ಕಳಲ್ಲಿ ನಿಜವಾಗಿ ತೊಂದರೆಯಲ್ಲಿರುವವರು 20. ಪ್ರಶ್ನಾವಳಿ ತುಂಬಾ ಚೆನ್ನಾಗಿದೆ, ಅವರಲ್ಲಿ 18 ಮಂದಿಯನ್ನು ಹಿಡಿಯುತ್ತದೆ. ಉಳಿದ 980 ಮಂದಿಯಲ್ಲಿ ನೂರಕ್ಕೆ ಹತ್ತು ಜನರನ್ನು ಮಾತ್ರ ತಪ್ಪಾಗಿ ಹಿಡಿಯುತ್ತದೆ. ಅದೇ 98 ಆಯಿತು. ಒಟ್ಟು 116 ಮಂದಿಗೆ 'ಚಟ' ಅಂತ ಬಂತು, ಅದರಲ್ಲಿ ನಿಜವಾದವರು 18. ಉಳಿದವರ ಮನೆಗೆಲ್ಲ ನೀವು ಪತ್ರ ಕಳಿಸಿದರೆ ಏನಾಗುತ್ತದೆ ಯೋಚಿಸಿ. ಅದರಲ್ಲೂ ಹೆಣ್ಣುಮಕ್ಕಳ ಕೈಯಿಂದ ಮೊದಲು ಫೋನ್ ಹೋಗುತ್ತದೆ, ಆಮೇಲೆ ಕಾಲೇಜೂ ಹೋಗಬಹುದು.

ವೈದ್ಯರೂ ಈ ಹೆಸರನ್ನು ಅಷ್ಟು ಸಲೀಸಾಗಿ ಹಚ್ಚುವುದಿಲ್ಲ. 2022ರ ಜನವರಿಯಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಇರುವುದು ಗೇಮಿಂಗ್ ಕಾಯಿಲೆ. 'ಇಂಟರ್‌ನೆಟ್ ಚಟ' ಅಂತ ಬೇರೆ ಕಾಯಿಲೆ ಅದರಲ್ಲಿಲ್ಲ. ಗೇಮಿಂಗ್‌ಗೂ ಅದು ಕೇಳುವುದು ಎಷ್ಟು ಗಂಟೆ ಆಡಿದ ಅಂತಲ್ಲ. ಹಿಡಿತ ತಪ್ಪಿದೆಯಾ, ಉಳಿದದ್ದೆಲ್ಲ ಹಿಂದೆ ಬಿತ್ತಾ, ಕೆಡುತ್ತಿದೆ ಅಂತ ಗೊತ್ತಿದ್ದೂ ಬಿಡಲಾಗುತ್ತಿಲ್ಲವಾ, ಓದು ಮನೆ ಸಂಬಂಧ ಹಾಳಾಗುವಷ್ಟಾಗಿದೆಯಾ, ಅದೂ ಸಾಮಾನ್ಯವಾಗಿ ಒಂದು ವರ್ಷದಿಂದ.

ಹಾಗಂತ ತೊಂದರೆಯೇ ಇಲ್ಲ ಅಂತ ನಾನು ಹೇಳುತ್ತಿಲ್ಲ ಮೇಡಂ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇದಕ್ಕಾಗಿ 'ಶಟ್ ಕ್ಲಿನಿಕ್' ತೆರೆಯಿತು. ಆ ಇಪ್ಪತ್ತು ಮಕ್ಕಳು ನಿಮ್ಮ ಕಾಲೇಜಿನಲ್ಲೂ ಇರಬಹುದು, ನನ್ನ ಚಿಂತೆ ಅವರದ್ದೇ. ನೂರಾರು ಹೆಸರುಗಳ ಪಟ್ಟಿಯೊಳಗೆ ಅವರು ಕಳೆದುಹೋಗುತ್ತಾರೆ. ಮನಸ್ಸಿಗೆ ಹುಷಾರಿಲ್ಲದೆ, ಹಾಸ್ಟೆಲ್‌ನಲ್ಲಿ ಯಾರ ಜೊತೆಗೂ ಸೇರಲಾಗದೆ ಫೋನಿನೊಳಗೆ ಹೋಗಿ ಕೂತವರೂ ಇರುತ್ತಾರೆ. ಮೊದಲು ಬಂದದ್ದು ಬೇಸರವಾ ಫೋನಾ ಅಂತ ಒಂದು ಸಲ ತುಂಬಿದ ಹಾಳೆ ಹೇಳುವುದಿಲ್ಲ. ಕೂರಿಸಿಕೊಂಡು ಮಾತಾಡಿಯೇ ತಿಳಿಯಬೇಕು.

ಹಾಗಾಗಿ ಎಣಿಸುವ ಕೆಲಸ ಬೇರೆ, ಸಹಾಯದ ಕೆಲಸ ಬೇರೆ ಮಾಡಿ. ಹಾಳೆಯ ಕೊನೆಯಲ್ಲಿ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416 ಅಂತ ದಪ್ಪ ಅಕ್ಷರದಲ್ಲಿ ಹಾಕಿಸಿ. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಜೊತೆಗೆ ನಿಮ್ಮಲ್ಲಿ ಯಾರ ಹತ್ತಿರ ಮಕ್ಕಳು ಹೆದರದೆ ಬರುತ್ತಾರೋ ಅವರ ಹೆಸರು, ಅವರು ಸಿಗುವ ಹೊತ್ತು ಬರೆಯಿರಿ.

ಲೆಕ್ಕ ಮುಗಿದ ಮೇಲೆ ನಮಗೂ ಕಳಿಸಿಕೊಡಿ. ಎಷ್ಟು ಮಂದಿಗೆ ಹಾಳೆ ಕೊಟ್ಟಿರಿ, ಎಷ್ಟು ವಾಪಸ್ ಬಂತು, ಗೆರೆ ಎಲ್ಲಿ ಎಳೆದಿರಿ, ಮೂರೂ ಮಟ್ಟದಲ್ಲಿ ಎಷ್ಟೆಷ್ಟು, ಎಲ್ಲ ಇರಲಿ. ಕಾಲೇಜಿನ ಹೆಸರು ಬಿಟ್ಟು ಹಾಗೇ ಪ್ರಕಟಿಸುತ್ತೇವೆ.

– ಸಂ.